ಒರಟು ರಸಿಕನ ಪಕ್ಷ

ಯಥಾರ್ಥವಾದಿ ಲೋಕವಿರೋಧಿ ಎಂಬ ಗಾದೆಯನ್ನು ಕನ್ನಡಿಗರು ಎರಡು ವಿಧವಾಗಿ ಬಳಸುವರು. ನಿಜವನ್ನಾಡಿ ಪೆಟ್ಟು ತಿಂದವನನ್ನು ಸಮಾಧಾನಪಡಿಸುವುದಕ್ಕೆ ಒಮ್ಮೆ. ನಿಜವನ್ನಾಡಹೊರಟವನ ಬಾಯಿ ಮುಚ್ಚಿಸುವುದಕ್ಕೆ ನೂರು ಸಲ. ಈ ಎರಡನೆಯ ಉಪಯೋಗವು ಹೆಚ್ಚಿದಂತೆಲ್ಲ ವಿಮರ್ಶೆಯೆಂಬುದು ಸೊರಗಿ, ಅದರ ಪೀಠದಲ್ಲಿ ಉಪಚಾರವು ಬಂದು ಕುಳಿತಿದೆ. ಪುಸ್ತಕ ಬಂದರೆ ಉಪಚಾರ, ಚಲಚ್ಚಿತ್ರ ಬಂದರೆ ಉಪಚಾರ, ಕಚೇರಿ ನಡೆದರೆ ಉಪಚಾರ. ತಾಂಬೂಲದ ತಟ್ಟೆಯಂತೆ ಹೊಗಳಿಕೆಯು ಕೈಯಿಂದ ಕೈಗೆ ಸಾಗುತ್ತಿರುವ ಈ ಕಾಲದಲ್ಲಿ, ಕೇಳಿದ್ದನ್ನು ಕೇಳಿದಂತೆ, ಕಂಡದ್ದನ್ನು ಕಂಡಂತೆ, ಯಾರ ಮುಖವನ್ನೂ ನೋಡದೆ ಹೇಳಿಬಿಡುವವನು ಯಾವನಾದರೂ ಉಳಿದಿರುವನೇ ಎಂದು ಹುಡುಕಹೊರಟರೆ, ಅಂಥವನು ಸಭ್ಯರು ಕಾಲಿಡದ ಒಂದು ಮೂಲೆಯಲ್ಲಿ ಸಿಕ್ಕುವನು. ಅವನೇ ಹೆವಿ ಮೆಟಲ್ ಎಂಬ ಸಂಗೀತದ ಅಭಿಮಾನಿ.

ಕಪ್ಪು ಅಂಗಿ, ಬೆನ್ನಮೇಲೆ ಬಿದ್ದ ಕೂದಲು, ಎದೆಯಮೇಲೆ ಮುಳ್ಳಿನ ಪೊದೆಯಂತೆ ಹೆಣೆದುಕೊಂಡು ಯಾರಿಗೂ ಓದಲಾಗದ ಅಕ್ಷರಗಳಲ್ಲಿ ಯಾವುದೋ ತಂಡದ ಹೆಸರು: ಇದು ಅವನ ವೇಷ. ಮಾತೂ ವೇಷಕ್ಕೆ ತಕ್ಕದ್ದೇ. ಒಂದು ಆಲ್ಬಮ್ ಅವನಿಗೆ ಹಿಡಿಸಲಿಲ್ಲವೆನ್ನಿ. ‘ಪ್ರಯೋಗವು ಪೂರ್ಣವಾಗಿ ಫಲಿಸಿಲ್ಲವೆಂದು ಕೆಲವರಿಗೆ ತೋರಬಹುದು’ ಎಂದು ಅವನು ಹೇಳುವುದಿಲ್ಲ. ‘ಒಂದೂಕಾಲು ಗಂಟೆ ತಗಡು ಬಡಿದರು, ದುಡ್ಡು ಹೋಯಿತು’ ಎನ್ನುವನು. ಹಿಡಿಸಿತೆನ್ನಿ, ‘ಇದನ್ನು ಕೇಳಿಯೂ ತಲೆಯಾಡಿಸದೆ ಕುಳಿತವನ ನಾಡಿಯನ್ನು ವೈದ್ಯರು ಒಮ್ಮೆ ನೋಡುವುದು ಲೇಸು’ ಎನ್ನುವನು. ಈ ಒರಟುತನವನ್ನು ಸಭ್ಯರು ಅರಸಿಕತೆಯೆಂದು ತಿಳಿದಿರುವರು. ಅವನ ಪಂಗಡದವರಲ್ಲೇ ಕೆಲವರು ಅದನ್ನು ಮಡಿಯ ಕೋಲನ್ನಾಗಿ ಮಾಡಿಕೊಂಡು, ಎದುರಿಗೆ ಬಂದವರನ್ನೆಲ್ಲ ದೂರ ಸರಿಸುತ್ತಿರುವರು. ಈ ಎರಡು ಪಕ್ಷಗಳೂ ತಪ್ಪಿದವು. ಒರಟುತನವು ಕಿವಿಯಿಂದ ಹುಟ್ಟಿದಾಗ ಅದು ವಿಮರ್ಶೆಯ ಅತ್ಯಂತ ಪ್ರಾಮಾಣಿಕವಾದ ರೂಪ. ಕಿವಿಯನ್ನು ಬಿಟ್ಟು ಹಣೆಪಟ್ಟಿಯಿಂದ ಹುಟ್ಟಿದಾಗ ಅದು ಉಪಚಾರದಷ್ಟೇ ಸುಳ್ಳು. ಈ ಭೇದವನ್ನು ತಿಳಿಯದವರು ಸಂಗೀತವನ್ನು ಮಾತ್ರವಲ್ಲ, ಸಾಹಿತ್ಯವನ್ನೂ ಕೆಡಿಸುವರು.

ಈ ಅಭಿಮಾನಿಯ ನಾಲಗೆಯ ಗುಣವನ್ನರಿಯಲು ಅವನ ಸಂಗೀತದ ಹುಟ್ಟನ್ನು ಸ್ವಲ್ಪ ನೋಡಬೇಕು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಅಲ್ಲಿಯ ಒಂದು ತಗಡಿನ ಕಾರ್ಖಾನೆಯಲ್ಲಿ ಟೋನಿ ಅಯೋಮಿ ಎಂಬ ೧೭ ವರ್ಷದ ಹುಡುಗನು, ಕೆಲಸವನ್ನು ಬಿಡಬೇಕೆಂದಿದ್ದ ಕೊನೆಯ ದಿನವೇ, ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡನು. ಎಡಗೈಯಿಂದ ಮೀಟಿ ಬಲಗೈಯಿಂದ ತಂತಿಯನ್ನೊತ್ತುವ ಗಿಟಾರ್ ವಾದಕನಿಗೆ ಇದು ಕೈಯೇ ಹೋದಂತೆ. ಅವನು ಸೋಪಿನ ನೀರಿನ ಪ್ಲಾಸ್ಟಿಕ್ ಸೀಸೆಯೊಂದನ್ನು ಕರಗಿಸಿ ಬೆರಳುಗಳಿಗೆ ಕುಲಾವಿ ಮಾಡಿಕೊಂಡನು. ಎಳೆಯಲು ಸುಲಭವಾದ ತೆಳು ತಂತಿಗಳನ್ನು ಕಟ್ಟಿದನು. ಕೆಲವು ವರ್ಷಗಳ ಮೇಲೆ ಶ್ರುತಿಯನ್ನೇ ಇಳಿಸಿ ತಂತಿಗಳನ್ನು ಸಡಿಲಿಸಿದನು. ಮಂದ್ರಕ್ಕಿಳಿದ ಆ ಶ್ರುತಿಯೇ ಮುಂದೆ ಒಂದು ಸಂಗೀತಪ್ರಕಾರದ ಕಂಠವಾಯಿತು. ಅವನೂ ಮೂವರು ಗೆಳೆಯರೂ ಕಟ್ಟಿದ ತಂಡಕ್ಕೆ ಹೆಸರು ದೊರೆತದ್ದು ಒಂದು ಚಲಚ್ಚಿತ್ರದಿಂದ. ಇಟಲಿಯ ಮಾರಿಯೋ ಬಾವಾ ನಿರ್ದೇಶಿಸಿದ ೧೯೬೩ರ ಭಯಾನಕ ಚಿತ್ರ ‘ಬ್ಲ್ಯಾಕ್ ಸಬತ್’ ಇಂಗ್ಲಿಷಿನಲ್ಲಿ ಹೊತ್ತ ಹೆಸರದು. ಹಣ ಕೊಟ್ಟು ಹೆದರಿಕೊಳ್ಳುವುದಕ್ಕೆ ಜನರು ಸಾಲುಗಟ್ಟಿ ನಿಲ್ಲುವರಾದರೆ, ಹೆದರಿಸುವ ಸಂಗೀತವೇಕೆ ಇರಬಾರದು ಎಂಬುದು ಆ ಹುಡುಗರ ತರ್ಕ. ಆದುದರಿಂದ ಈ ಸಂಗೀತದ ಅಭಿಮಾನಿಯು ಆಲ್ಬಮುಗಳ ಮಾತನ್ನಾಡುತ್ತಾಡುತ್ತ ಚಿತ್ರಗಳ ಮಾತಿಗೆ ಹಾರುವುದು ಚಾಪಲ್ಯವಲ್ಲ. ಎರಡೂ ಒಂದೇ ತೊಟ್ಟಿಲ ಕೂಸುಗಳು.

ಆ ತಂಡದ ಮೊದಲನೆಯ ಆಲ್ಬಮ್ಮನ್ನು ೧೯೬೯ರ ಅಕ್ಟೋಬರಿನಲ್ಲಿ ಒಂದೇ ದಿನದಲ್ಲಿ ನುಡಿಸಿ ಮುಗಿಸಿದರು. ಅದು ೧೯೭೦ನೆಯ ಫೆಬ್ರವರಿ ೧೩ರಂದು ಹೊರಬಂದಿತು. ಮೊದಲ ಹಾಡಿನ ಆರಂಭದಲ್ಲಿ ಮಳೆಯ ಸದ್ದು, ದೂರದ ಗಂಟೆ, ಅನಂತರ ಮೂರೇ ಮೂರು ಸ್ವರ: ಷಡ್ಜ, ತಾರಷಡ್ಜ, ಅಲ್ಲಿಂದಿಳಿದು ಪ್ರತಿಮಧ್ಯಮ. ಷಡ್ಜಕ್ಕೂ ಪ್ರತಿಮಧ್ಯಮಕ್ಕೂ ನಡುವಣ ಈ ಅಂತರವನ್ನು ಯುರೋಪಿನ ಹಿಂದಣ ಸಂಗೀತಶಾಸ್ತ್ರಿಗಳು ‘ಸಂಗೀತದೊಳಗಿನ ಸೈತಾನ’ನೆಂದು ಕರೆದಿದ್ದರು. ಈ ಹೆಸರನ್ನು ಹಿಡಿದುಕೊಂಡು ಇಂದಿಗೂ ಕೆಲವರು ಈ ಸಂಗೀತದಲ್ಲಿ ಪೈಶಾಚಿಕವಾದ ಶಕ್ತಿಯೇನೋ ಇದೆಯೆಂದು ಕಣ್ಣರಳಿಸುವರು. ಕರ್ನಾಟಕ ಸಂಗೀತದ ೭೨ ಮೇಳಕರ್ತ ರಾಗಗಳಲ್ಲಿ ಸರಿಯಾಗಿ ಅರ್ಧ, ಎಂದರೆ ೩೬, ಈ ಪ್ರತಿಮಧ್ಯಮವನ್ನು ಮಡಿಲಲ್ಲಿಟ್ಟುಕೊಂಡೇ ಬಾಳುತ್ತಿವೆ. ಕಲ್ಯಾಣಿಯನ್ನು ಹಾಡಿದ ಮನೆಯಲ್ಲಿ ಸೈತಾನನು ಕಾಣಿಸಿಕೊಂಡ ವರ್ತಮಾನವು ಈವರೆಗೆ ಬಂದಿಲ್ಲ. ಸ್ವರದಲ್ಲಿ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ಅದನ್ನಿಡುವ ಜಾಗದಲ್ಲಿ ಅಂದವೋ ಅಂದಗೇಡೋ ಇರುವುದು. ಇದನ್ನು ಹೇಳಬಲ್ಲದ್ದು ಕಿವಿಯೊಂದೇ.

ಆ ಆಲ್ಬಮ್ ಹೊರಬಂದಾಗ ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಲೆಸ್ಟರ್ ಬ್ಯಾಂಗ್ಸ್ ಎಂಬ ವಿಮರ್ಶಕನು ಅದನ್ನು ಹೀನಾಯವಾಗಿ ಹಳಿದನು. ಅವನು ಉಪಚಾರದವನಲ್ಲ, ಒರಟು ಮಾತಿಗೆ ಆ ಕಾಲದಲ್ಲಿ ಅವನನ್ನು ಮೀರಿಸಿದವರು ವಿರಳ. ಹಾಗಾದರೆ ಒರಟುತನವೇ ತಪ್ಪುದಾರಿಗೆಳೆಯಿತಲ್ಲವೆ ಎಂದು ಪ್ರತಿಪಕ್ಷದವರು ಇಲ್ಲಿ ಕೈ ತಟ್ಟಬಹುದು. ಒರಟಾಗಿ ಮಾತಾಡುವವನು ತಪ್ಪುವುದೇ ಇಲ್ಲವೆಂದು ಯಾರೂ ವಾದಿಸುತ್ತಿಲ್ಲ. ಅವನು ತಪ್ಪಿದಾಗ ಆ ತಪ್ಪು ಬಯಲಿನಲ್ಲಿ ನಿಂತಿರುವುದು; ಯಾರು ಬೇಕಾದರೂ ಅದಕ್ಕೆ ಕಲ್ಲೆಸೆಯಬಹುದು, ಅವನೇ ಹಿಂದಿರುಗಿ ಬಂದು ಅದನ್ನು ಕೆಡವಬಹುದು. ಬ್ಯಾಂಗ್ಸನು ಎರಡೇ ವರ್ಷಗಳಲ್ಲಿ, ೧೯೭೨ರಲ್ಲಿ, ‘ಕ್ರೀಮ್’ ಎಂಬ ಪತ್ರಿಕೆಯಲ್ಲಿ ಅದೇ ತಂಡದ ಪರವಾಗಿ ದೀರ್ಘವಾದ ಲೇಖನವನ್ನು ಬರೆದನು. ಸಿಹಿಮಾತಿನವನು ಏನನ್ನು ಹಿಂದಕ್ಕೆ ತೆಗೆದುಕೊಳ್ಳುವನು? ಅವನು ಏನನ್ನಾದರೂ ಹೇಳಿದ್ದರಲ್ಲವೆ? ೨೦೨೫ರ ಜುಲೈ ೫ರಂದು ಆ ನಾಲ್ವರೂ ಮುದುಕರಾಗಿ ಹುಟ್ಟೂರಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ ಕೊನೆಯ ಸಲ ನುಡಿಸಿದರು; ಗಾಯಕ ಆಜಿ ಆಸ್ಬರ್ನ್ ಸಿಂಹಾಸನದಂಥ ಕುರ್ಚಿಯಲ್ಲಿ ಕುಳಿತೇ ಹಾಡಿ, ಅದೇ ತಿಂಗಳ ೨೨ರಂದು ತೀರಿಕೊಂಡನು. ಐವತ್ತೈದು ವರ್ಷಗಳ ಕೆಳಗೆ ಸರಿಯಾಗಿ ಕೇಳಿಸಿಕೊಂಡವರು ಯಾರೆಂಬುದನ್ನು ಅಂದು ಮೈದಾನದಲ್ಲಿ ನೆರೆದ ಜನವೇ ಹೇಳಿತು.

ಇನ್ನು ಸಭ್ಯರ ಆಕ್ಷೇಪಣೆಗಳು. ಮೊದಲನೆಯದು, ಇದು ಸಂಗೀತವಲ್ಲ, ಗದ್ದಲ ಎಂಬುದು. ಇರುಳೆಲ್ಲ ಚೆಂಡೆಯ ಪಕ್ಕದಲ್ಲಿ ಕುಳಿತು ಯಕ್ಷಗಾನವನ್ನು ನೋಡಿದ ನಾಡಿನವರಾದರೂ ಈ ಮಾತನ್ನು ಆಡಬಾರದು. ಗಟ್ಟಿಯಾದ ಧ್ವನಿಯೆಲ್ಲ ಗದ್ದಲವಾಗುವುದಾದರೆ ಡೊಳ್ಳಿನ ಕುಣಿತವೂ, ಗುಡಿಯ ಜಾಗಟೆಯೂ ಗದ್ದಲವೇ. ಗಟ್ಟಿತನದೊಳಗೂ ಲಯವಿದೆ, ಲೆಕ್ಕವಿದೆ, ಮೇಲು ಕೀಳಿದೆ. ಅದನ್ನು ಗುರುತಿಸುವುದೇ ಈ ಅಭಿಮಾನಿಯ ವಿದ್ಯೆ.

ಎರಡನೆಯದು ನೀತಿಯ ಆಕ್ಷೇಪಣೆ. ಅಮೆರಿಕದಲ್ಲಿ ರಾಜಕಾರಣಿಗಳ ಪತ್ನಿಯರು ಕೆಲವರು ಸೇರಿ, ಹಾಡುಗಳಿಂದ ಮಕ್ಕಳು ಕೆಡುತ್ತಿರುವರೆಂದು ಸಂಘವೊಂದನ್ನು ಕಟ್ಟಿದರು. ಅವರ ದೂರಿನ ವಿಚಾರಣೆಯು ೧೯೮೫ನೆಯ ಸೆಪ್ಟೆಂಬರ್ ೧೯ರಂದು ಸೆನೆಟ್ಟಿನ ಸಮಿತಿಯ ಮುಂದೆ ನಡೆಯಿತು. ‘ಟ್ವಿಸ್ಟೆಡ್ ಸಿಸ್ಟರ್’ ತಂಡದ ಡೀ ಸ್ನೈಡರ್ ಎಂಬ ಗಾಯಕನು ಕೆದರಿದ ಕೂದಲಲ್ಲಿಯೇ ಬಂದು ಸಾಕ್ಷಿ ನುಡಿದನು. ಹಿಂಸಾರತಿಯದೆಂದು ಅವರು ದೂರಿದ್ದ ‘ಅಂಡರ್ ದ ಬ್ಲೇಡ್’ ಎಂಬ ಹಾಡು ತನ್ನ ತಂಡದ ಗಿಟಾರ್ ವಾದಕನ ಗಂಟಲಿಗೆ ನಡೆದ ಶಸ್ತ್ರಚಿಕಿತ್ಸೆಯನ್ನು ಕುರಿತದ್ದೆಂದು ವಿವರಿಸಿದನು. ವೈದ್ಯನ ಕತ್ತಿಯಲ್ಲಿ ಕಾಮವನ್ನು ಕಂಡದ್ದು ಹಾಡಲ್ಲ, ಕಂಡವರ ಕಣ್ಣು. ಮರುವರ್ಷ ಬಂದ ‘ಟ್ರಿಕ್ ಆರ್ ಟ್ರೀಟ್’ ಎಂಬ ಭಯಾನಕ ಚಿತ್ರದಲ್ಲಿ, ಈ ಸಂಗೀತವನ್ನು ದೂರದರ್ಶನದಲ್ಲಿ ಖಂಡಿಸುವ ಧರ್ಮಬೋಧಕನ ಪಾತ್ರವನ್ನು ವಹಿಸಿದವನು ಬೇರೆ ಯಾರೂ ಅಲ್ಲ, ಆಜಿ ಆಸ್ಬರ್ನನೇ! ಆ ಚಿತ್ರವು ಸಾಧಾರಣವಾದದ್ದು; ಆದರೆ ಆ ಪಾತ್ರಹಂಚಿಕೆಯೊಂದೇ ಸಮಿತಿಯ ವಿಚಾರಣೆಗೆಲ್ಲ ಸಾಕಾದಷ್ಟು ಉತ್ತರವೆಂದು ಅಭಿಮಾನಿಯು ಹೇಳುವುದರಲ್ಲಿ ಹುರುಳಿದೆ.

ಎಲ್ಲವೂ ನಗೆಯಲ್ಲಿ ಮುಗಿಯಲಿಲ್ಲ. ೧೯೮೫ರ ಕೊನೆಯಲ್ಲಿ ನೆವಾಡಾ ಪ್ರಾಂತದ ಇಬ್ಬರು ತರುಣರು ಗುಂಡು ಹಾರಿಸಿಕೊಂಡರು. ಒಬ್ಬನು ಆಗಲೇ ಸತ್ತನು, ಇನ್ನೊಬ್ಬನು ವಿಕಾರವಾಗಿ ಗಾಯಗೊಂಡು ಕೆಲವು ವರ್ಷಗಳ ಮೇಲೆ ತೀರಿಕೊಂಡನು. ಅವರು ಕೇಳುತ್ತಿದ್ದ ‘ಜೂಡಾಸ್ ಪ್ರೀಸ್ಟ್’ ತಂಡದ ೧೯೭೮ರ ಆಲ್ಬಮ್ಮಿನಲ್ಲಿ ಸಾಯುವಂತೆ ಪ್ರೇರಿಸುವ ಗುಪ್ತವಾಕ್ಯವು ಅಡಗಿದೆಯೆಂದು ೧೯೯೦ರಲ್ಲಿ ರೀನೋ ನಗರದ ನ್ಯಾಯಾಲಯದಲ್ಲಿ ವ್ಯಾಜ್ಯ ನಡೆಯಿತು. ಕೇಳಿಸಿದ್ದು ಗಾಯಕನ ಉಸಿರೂ ಗಿಟಾರಿನ ನಾದವೂ ಆಕಸ್ಮಿಕವಾಗಿ ಕೂಡಿದ್ದರ ಸದ್ದೆಂದು ನ್ಯಾಯಾಧೀಶನು ವ್ಯಾಜ್ಯವನ್ನು ವಜಾ ಮಾಡಿದನು. ಆ ಹಾಡಾದರೂ ಆ ತಂಡದ ಸ್ವಂತದ್ದಲ್ಲ, ‘ಸ್ಪೂಕಿ ಟೂತ್’ ಎಂಬ ಹಿಂದಣ ತಂಡದಿಂದ ಎತ್ತಿಕೊಂಡದ್ದು. ಮಕ್ಕಳನ್ನು ಕಳೆದುಕೊಂಡ ಮನೆಯವರ ಸಂಕಟವು ದೊಡ್ಡದು. ಅದನ್ನು ಹಾಸ್ಯಮಾಡುವವನು ಮನುಷ್ಯನಲ್ಲ. ಆದರೆ ಸಂಕಟಕ್ಕೆ ಸುಳ್ಳು ಕಾರಣವನ್ನು ತೋರಿಸಿಕೊಟ್ಟವರು ಆ ಮನೆಯವರಿಗೆ ಉಪಕಾರವನ್ನೇನೂ ಮಾಡಲಿಲ್ಲ. ತಟ್ಟೆಯನ್ನು ಹಿಂದುಮುಂದಾಗಿ ತಿರುಗಿಸಿ ಸೈತಾನನನ್ನು ಹುಡುಕಿದವರು, ಅದನ್ನು ಮುಂದುಮುಂದಾಗಿ ಒಮ್ಮೆಯಾದರೂ ಪೂರ್ತಿಯಾಗಿ ಕೇಳಿದ್ದರೇ ಎಂಬುದು ಅಭಿಮಾನಿಯ ಪ್ರಶ್ನೆ.

ಅಭಿಮಾನಿಯು ಮಾತ್ರ ಕೇಳುವನು. ಅವನ ಬೈಗುಳಿಗೆ ಹಕ್ಕು ಬಂದಿರುವುದು ಅಲ್ಲಿಂದಲೇ. ‘ಮೆಟಾಲಿಕಾ’ ತಂಡದ ಉದಾಹರಣೆಯೊಂದು ಸಾಕು. ಇದರ ೧೯೮೬ರ ‘ಮಾಸ್ಟರ್ ಆಫ್ ಪಪೆಟ್ಸ್’ ಎಂಬ ಆಲ್ಬಮ್ಮನ್ನು ತಲೆಯಮೇಲೆ ಹೊತ್ತು ಮೆರೆಸಿದವರೂ ಅಭಿಮಾನಿಗಳೇ. ಎರಡು ವರ್ಷಗಳ ಮೇಲೆ ಬಂದ ‘ಆಂಡ್ ಜಸ್ಟಿಸ್ ಫಾರ್ ಆಲ್’ ಎಂಬುದರಲ್ಲಿ ಬಾಸ್ ಗಿಟಾರ್ ಕೇಳಿಸುವುದೇ ಇಲ್ಲವೆಂದು ಡಂಗುರ ಹೊಡೆದವರೂ ಅವರೇ. ಹಿಂದಿನ ಬಾಸ್ ವಾದಕನು ೧೯೮೬ರಲ್ಲಿ ಸ್ವೀಡನ್ನಿನಲ್ಲಿ ಬಸ್ಸು ಉರುಳಿ ಸತ್ತಿದ್ದನು. ಹೊಸದಾಗಿ ಬಂದ ಜೇಸನ್ ನ್ಯೂಸ್ಟೆಡ್ ಪಾಪ, ನುಡಿಸಿದ್ದನು. ಆದರೆ ಮಿಶ್ರಣದಲ್ಲಿ ಅವನನ್ನು ತಗ್ಗಿಸಿ ತಗ್ಗಿಸಿ ಗೋಡೆಯಾಚೆಗೆ ಕಳುಹಿದ್ದರು. ‘ಪತ್ರದಲ್ಲಿ ನಾಲ್ಕು ಹೆಸರು, ಪಂಕ್ತಿಯಲ್ಲಿ ಮೂರು ಎಲೆ’ ಎಂಬಂಥ ಅಭಿಮಾನಿಯ ಅಣಕದಲ್ಲಿ ಒಂದು ಪುಟದ ವಿಮರ್ಶೆಯಿದೆ. ಅದೇ ಆಲ್ಬಮ್ ೧೯೮೯ರ ಗ್ರ್ಯಾಮಿ ಪ್ರಶಸ್ತಿಯ ಕಣದಲ್ಲಿದ್ದಾಗ, ಈ ಬಗೆಯ ಸಂಗೀತಕ್ಕಾಗಿ ಮೊಟ್ಟಮೊದಲು ಸ್ಥಾಪಿಸಿದ ಬಹುಮಾನವನ್ನು ವಿದ್ವಾಂಸರು ಕೊಟ್ಟದ್ದು ‘ಜೆತ್ರೋ ಟಲ್’ ಎಂಬ, ಕೊಳಲಿಗೆ ಹೆಸರಾದ ತಂಡಕ್ಕೆ! ಕೊಳಲೂ ಭಾರವಾದ ಲೋಹದ ವಾದ್ಯವೇ ಸರಿ ಎಂದು ಆ ತಂಡದ ಪ್ರಕಾಶಕರು ಆಮೇಲೆ ಜಾಹೀರಾತು ಕೊಟ್ಟು ನಕ್ಕರು. ಪ್ರಶಸ್ತಿ ಕೊಟ್ಟವರಿಗಿಂತ ಪಡೆದವರಿಗೇ ಹೆಚ್ಚು ವಿವೇಕವಿದ್ದಿತು.

೨೦೦೩ರಲ್ಲಿ ಅದೇ ತಂಡವು ‘ಸೇಂಟ್ ಆ್ಯಂಗರ್’ ಎಂಬ ಆಲ್ಬಮ್ಮನ್ನು ಹೊರಡಿಸಿತು. ಸ್ನೇರ್ ಡ್ರಮ್ಮಿನ ಅಡಿಯ ತಂತಿಗಳನ್ನು ಬಿಗಿಯದೆ ನುಡಿಸಿದ್ದರಿಂದ ಅದರ ಧ್ವನಿಯು ಖಾಲಿ ಡಬ್ಬವನ್ನು ಸೌಟಿನಿಂದ ಹೊಡೆದಂತೆ ಟಣ್ ಟಣ್ ಎನ್ನುವುದು. ಗಿಟಾರ್ ವಾದಕನೊಬ್ಬನೇ ಮುಂದೆ ನಿಂತು ತನ್ನ ಕೈಚಳಕವನ್ನು ತೋರಿಸುವ ಭಾಗವು ಒಂದು ಹಾಡಿನಲ್ಲಿಯೂ ಇಲ್ಲ. ತನಿಯಿಲ್ಲದ ಕಚೇರಿ, ಅದೂ ಒಂದೂಕಾಲು ಗಂಟೆಯದು. ಅಭಿಮಾನಿಗಳು ಬೊಬ್ಬಿಟ್ಟರು. ಮರುವರ್ಷ ಅದರ ಶೀರ್ಷಿಕೆಗೀತಕ್ಕೆ ಗ್ರ್ಯಾಮಿ ಬಂದಿತು. ೧೯೮೯ರಲ್ಲಿ ಕೊಡಬೇಕಾದಾಗ ಕೊಡದೆ ೨೦೦೪ರಲ್ಲಿ ಕೊಡಬಾರದಾಗ ಕೊಟ್ಟ ವಿದ್ವತ್ಸಭೆಯು ಬಡ್ಡಿಯನ್ನೇನೋ ತೀರಿಸಿತು, ಆದರೆ ತಪ್ಪು ಲೆಕ್ಕಕ್ಕೆ ಜಮೆ ಮಾಡಿತು. ಇಂದು ಆ ಆಲ್ಬಮ್ಮಿನ ಮಾತು ಬಂದಾಗ ಜನರ ನೆನಪಿಗೆ ಬರುವುದು ಪ್ರಶಸ್ತಿಯಲ್ಲ, ಡಬ್ಬ.

ಇದು ಬರಿಯ ಚಾಡಿಯೆನ್ನುವವರಿಗೆ ೨೦೦೮ರ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಮ್ಮಿನ ಕಥೆ ಉತ್ತರವಾದೀತು. ಅದರ ತಟ್ಟೆಯಲ್ಲಿ ಧ್ವನಿಯನ್ನು ಹಿಸುಕಿ ಹಿಸುಕಿ ಎತ್ತರಿಸಿದ್ದರಿಂದ ನಾದವು ಒಡೆದು ಕರಕರವೆನ್ನುತ್ತಿತ್ತು. ಅದೇ ಹಾಡುಗಳು ‘ಗಿಟಾರ್ ಹೀರೋ’ ಎಂಬ ಕಂಪ್ಯೂಟರ್ ಆಟದೊಳಗೂ ಬಂದಿದ್ದವು. ಆಟದಲ್ಲಿ ಶುದ್ಧವಾಗಿ ಕೇಳಿಸುವುದು ತಟ್ಟೆಯಲ್ಲಿ ಏಕೆ ಒಡೆದಿದೆಯೆಂದು ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಿ ತೋರಿಸಿದವರು ಅಭಿಮಾನಿಗಳು. ಮತ್ತೆ ಸರಿಪಡಿಸಿ ಕೊಡಿರೆಂದು ಸಾವಿರಾರು ಮಂದಿ ಮನವಿಗೆ ಸಹಿ ಹಾಕಿದರು. ತನ್ನ ಕೈಗೆ ಬರುವ ಮೊದಲೇ ಧ್ವನಿಯು ಹಾಗಾಗಿದ್ದಿತೆಂದು ಕೊನೆಯ ಹಂತದ ತಂತ್ರಜ್ಞನೇ ಒಪ್ಪಿಕೊಂಡನು. ಕಿವಿಯಿಂದ ಹುಟ್ಟಿದ ನಿಂದೆಯು ಹೀಗಿರುವುದು. ಅದಕ್ಕೆ ಆಧಾರವಿದೆ, ಪರೀಕ್ಷಿಸಿ ನೋಡಬಹುದು.

ಚಲಚ್ಚಿತ್ರಗಳ ವಿಷಯದಲ್ಲಿ ಈ ರಸಿಕನ ತೀರ್ಪು ಇನ್ನೂ ಸ್ವಾರಸ್ಯವಾದದ್ದು. ತನ್ನ ಸಂಗೀತವನ್ನು ಪೂಜಿಸುವ ಚಿತ್ರಗಳಿಗಿಂತ, ಅದನ್ನು ಕಂಡು ನಗುವ ಚಿತ್ರಗಳನ್ನೇ ಅವನು ಎದೆಗೊತ್ತಿಕೊಂಡಿರುವನು. ರಾಬ್ ರೈನರ್ ನಿರ್ದೇಶಿಸಿದ ೧೯೮೪ರ ‘ದಿಸ್ ಈಸ್ ಸ್ಪೈನಲ್ ಟ್ಯಾಪ್’ ಇಲ್ಲದ ತಂಡವೊಂದರ ಸಾಕ್ಷ್ಯಚಿತ್ರದಂತೆ ನಟಿಸುವ ಪರಿಹಾಸಚಿತ್ರ. ಬೇರೆಯವರ ಯಂತ್ರದಲ್ಲಿ ಧ್ವನಿಯ ಗುಂಡಿ ಹತ್ತಕ್ಕೆ ನಿಂತರೆ ಈ ತಂಡದ ಯಂತ್ರದಲ್ಲಿ ಹನ್ನೊಂದರವರೆಗೆ ಹೋಗುವುದು. ೧೮ ಅಡಿಯ ಶಿಲಾಸ್ತಂಭವನ್ನು ಮಾಡಿಸಹೋಗಿ, ನಕ್ಷೆಯಲ್ಲಿ ಅಡಿಯ ಗುರುತಿಗೆ ಬದಲು ಅಂಗುಲದ ಗುರುತು ಬಿದ್ದು, ೧೮ ಅಂಗುಲದ ಗೊಂಬೆಯೊಂದು ವೇದಿಕೆಗಿಳಿಯುವುದು. ವಿನೋದವೆಂದರೆ ೧೯೮೩ರಲ್ಲಿ ನಿಜವಾದ ಬ್ಲ್ಯಾಕ್ ಸಬತ್ ತಂಡವೇ ಅಂಥ ಶಿಲಾಸ್ತಂಭಗಳನ್ನು ಮಾಡಿಸಿ, ಅವು ರಂಗಮಂದಿರಗಳೊಳಗೆ ಹಿಡಿಸಲಾರದಷ್ಟು ದೊಡ್ಡವಾಗಿ, ಹೊತ್ತು ತಿರುಗಲಾರದೆ ಕಂಗೆಟ್ಟಿದ್ದಿತು. ಚಿತ್ರದಲ್ಲಿ ತಂಡದ ಆಲ್ಬಮ್ ಬರಿಯ ಕಪ್ಪು ಹೊದಿಕೆಯಲ್ಲಿ ಬರುವುದನ್ನು ನೋಡಿ ಜನರು ನಕ್ಕರು. ಏಳು ವರ್ಷಗಳ ಮೇಲೆ ಮೆಟಾಲಿಕಾದವರು ಹೆಚ್ಚು ಕಡಮೆ ಅಂಥದೇ ಕಪ್ಪು ಹೊದಿಕೆಯನ್ನು ಗಂಭೀರವಾಗಿ ಹೊದಿಸಿದರು. ವಿಡಂಬನೆಗಿಂತ ವಾಸ್ತವವು ಎರಡು ಹೆಜ್ಜೆ ಮುಂದಿರುವ ಕಲೆಯಿದು. ತಾನು ಪ್ರೀತಿಸುವುದರ ಹುಚ್ಚುತನವನ್ನು ಕಂಡು ನಗಬಲ್ಲವನ ಪ್ರೀತಿಯು ಗಟ್ಟಿ. ನಗೆಗೆ ಹೆದರುವ ಭಕ್ತಿಗೆ ಒಳಗೇ ಅನುಮಾನವಿರುವುದು.

ಹಾಸ್ಯವು ಎಲ್ಲಿ ಕರುಣೆಗೆ ತಿರುಗುವುದೆಂಬುದನ್ನು ಸಾಷಾ ಜರ್ವಾಸಿಯ ೨೦೦೮ರ ‘ಆನ್ವಿಲ್’ ಚಿತ್ರವು ತೋರಿಸುವುದು. ಇದು ನಿಜವಾದ ತಂಡದ ನಿಜವಾದ ಕಥೆ. ಕೆನಡಾದ ಟೊರಾಂಟೋ ನಗರದ ಈ ತಂಡದವರು ೧೯೮೦ರ ದಶಕದಲ್ಲಿ ದೊಡ್ಡ ತಂಡಗಳ ಜೊತೆಯಲ್ಲಿ ವೇದಿಕೆಯೇರಿದವರು. ಅನಂತರ ಲೋಕವು ಅವರನ್ನು ಮರೆಯಿತು. ಗಾಯಕನು ಶಾಲಾಮಕ್ಕಳ ಊಟದ ಪೆಟ್ಟಿಗೆಗಳನ್ನು ವಾಹನದಲ್ಲಿ ಸಾಗಿಸುತ್ತ ಹೊಟ್ಟೆ ಹೊರೆಯುವನು. ಸಂಜೆ ಗಿಟಾರನ್ನು ಕೈಗೆತ್ತಿಕೊಳ್ಳುವನು. ಅವರ ಹಾಡುಗಳು ಅಷ್ಟೇನೂ ಹೆಚ್ಚಿನವಲ್ಲವೆಂದು ಅಭಿಮಾನಿಯು ಕಡ್ಡಿ ಮುರಿದಂತೆ ಹೇಳುವನು, ಆಮೇಲೆ ಕಣ್ಣೊರಸಿಕೊಳ್ಳುವನು. ಈ ಎರಡು ಮಾತುಗಳಿಗೆ ವಿರೋಧವಿಲ್ಲ. ಮನುಷ್ಯನಿಗೆ ಸಲ್ಲಬೇಕಾದ ಕರುಣೆಯನ್ನು ಕೃತಿಗೆ ಸಲ್ಲಿಸದಿರುವುದೇ ವಿಮರ್ಶೆಯ ಮೊದಲ ಪಾಠ. ಉಪಚಾರದವರು ಕಲಿಯದೆ ಬಿಟ್ಟದ್ದೂ ಇದನ್ನೇ.

ಸೇಂಟ್ ಆ್ಯಂಗರ್ ಹುಟ್ಟಿದ ಬಗೆಯನ್ನು ತೋರಿಸುವ ೨೦೦೪ರ ‘ಸಮ್ ಕೈಂಡ್ ಆಫ್ ಮಾನ್‌ಸ್ಟರ್’ ಎಂಬ ಚಿತ್ರವು ಆಲ್ಬಮ್ಮಿಗಿಂತ ಎಷ್ಟೋ ಮೇಲು. ಕೋಟ್ಯಧೀಶರಾದ ಮೂವರು ನಡುವಯಸ್ಸಿನವರು, ತಿಂಗಳಿಗೆ ೪೦,೦೦೦ ಡಾಲರ್ ತೆತ್ತು ತಂದಿಟ್ಟುಕೊಂಡ ಮನಶ್ಶಾಸ್ತ್ರದ ಸಲಹೆಗಾರನ ಮುಂದೆ ಕುಳಿತು, ಒಬ್ಬರ ಮನಸ್ಸನ್ನೊಬ್ಬರು ತಿಳಿಯಲು ಹೆಣಗುವರು. ಆ ಕೋಣೆಯಲ್ಲಿ ಎಲ್ಲರೂ ಎಲ್ಲವನ್ನೂ ಒಳ್ಳೆಯದೆನ್ನುತ್ತಿರುವಾಗ, ಡ್ರಮ್ ವಾದಕ ಲಾರ್ಸ್ ಉಲ್ರಿಕ್‌ನ ತಂದೆ, ಉದ್ದ ಗಡ್ಡದ ಮುದುಕ, ಡೆನ್ಮಾರ್ಕಿನ ಹೆಸರಾದ ಟೆನಿಸ್ ಆಟಗಾರನಾಗಿದ್ದ ಟಾರ್ಬೆನ್ ಉಲ್ರಿಕ್, ಬರುವನು. ಮಗನು ಹೊಸ ನಾದವೊಂದನ್ನು ಹೆಮ್ಮೆಯಿಂದ ಕೇಳಿಸುವನು. ಮುದುಕನು ಮೌನವಾಗಿ ಕೇಳಿ, ಅಳಿಸಿಬಿಡುವುದು ಮೇಲು ಎಂದುಬಿಡುವನು. ಮಗನ ಮುಖ ಬಾಡುವುದು. ಇಡೀ ಚಿತ್ರದಲ್ಲಿ ಸಂಬಳವಿಲ್ಲದೆ ಸತ್ಯವನ್ನಾಡಿದವನು ಅವನೊಬ್ಬ. ಅವನೇ ಎಲ್ಲರಿಗಿಂತ ಹೆಚ್ಚಾಗಿ ಪ್ರೀತಿಸಿದವನೂ ಹೌದು. ಹೆತ್ತವರಿಗೆ ಹೆಗ್ಗಣ ಮುದ್ದೆಂಬ ಗಾದೆಯನ್ನು ಸುಳ್ಳುಮಾಡಿದ ಆ ತಂದೆಯೇ ಒರಟು ವಿಮರ್ಶಕನ ಮಾದರಿ.

ಈಗ ಎರಡನೆಯ ಪ್ರತಿಪಕ್ಷದವರನ್ನು ವಿಚಾರಿಸಬೇಕು. ಇವರು ಅಭಿಮಾನಿಗಳೊಳಗಿನ ಮಡಿವಂತರು. ತಂಡದ ಮೊದಲನೆಯ ಆಲ್ಬಮ್ ಮಾತ್ರ ಶ್ರುತಿ, ಮಿಕ್ಕದ್ದೆಲ್ಲ ಪಾಷಂಡ ಎಂಬುದು ಇವರ ಸಿದ್ಧಾಂತ. ಡೂಮ್, ಥ್ರ್ಯಾಶ್, ಡೆತ್, ಬ್ಲ್ಯಾಕ್, ಪವರ್ ಎಂದು ಈ ಸಂಗೀತದಲ್ಲಿ ಎಷ್ಟೋ ಶಾಖೆಗಳಿವೆ. ಗುರುತಿಗಾಗಿ ಹುಟ್ಟಿದ ಹೆಸರುಗಳವು. ಮಡಿವಂತರು ಅವುಗಳನ್ನು ಗೋತ್ರಪ್ರವರಗಳನ್ನಾಗಿ ಮಾಡಿ, ಇಂಥ ತಂಡವು ಇಂಥ ಶಾಖೆಗೆ ಸೇರುವುದೋ ಇಲ್ಲವೋ ಎಂದು ಇರುಳೆಲ್ಲ ಕಾದಾಡುವರು. ಗುಡಿಯ ಆನೆಗೆ ಯಾವ ನಾಮವನ್ನಿಡಬೇಕೆಂದು ನ್ಯಾಯಾಲಯದ ಮೆಟ್ಟಿಲೇರಿದವರ ಕಥೆಯನ್ನು ಕೇಳಿ ನಕ್ಕವರು ಇವರನ್ನೂ ನೋಡಬೇಕು. ನಾಮ ಯಾವುದಾದರೇನು, ಆನೆ ನಡೆಯುವುದೇ ಎಂದು ಕೇಳುವವರಿಲ್ಲ.

ಇವರ ತೀರ್ಪುಗಳ ಸುಳ್ಳನ್ನು ತೋರಿಸುವುದಕ್ಕೆ ೧೯೮೬ನೆಯ ವರ್ಷವೊಂದೇ ಸಾಕು. ಆ ವರ್ಷ ಜೂಡಾಸ್ ಪ್ರೀಸ್ಟ್ ತಂಡವು ‘ಟರ್ಬೋ’ ಎಂಬ ಆಲ್ಬಮ್ಮಿನಲ್ಲಿ ಗಿಟಾರ್ ಸಿಂಥಸೈಜರ್ ಎಂಬ ಹೊಸ ಉಪಕರಣವನ್ನು ಬಳಸಿತು. ಧರ್ಮಭ್ರಷ್ಟರಾದರೆಂದು ಮಡಿವಂತರು ತರ್ಪಣ ಬಿಟ್ಟರು. ಅದೇ ವರ್ಷ ‘ಐರನ್ ಮೇಡನ್’ ತಂಡವು ‘ಸಮ್‌ವೇರ್ ಇನ್ ಟೈಮ್’ ಎಂಬುದರಲ್ಲಿ ಅದೇ ಬಗೆಯ ಉಪಕರಣವನ್ನು ಬಳಸಿತು. ಅದನ್ನು ಇಂದಿಗೂ ಕೊಂಡಾಡುವರು. ಪಾಪವು ಉಪಕರಣದಲ್ಲಿದ್ದರೆ ಇಬ್ಬರಿಗೂ ನರಕ. ಇಲ್ಲವಾದರೆ ಇಬ್ಬರ ಹಾಡುಗಳನ್ನೂ ಕೇಳಿ ಹೇಳಬೇಕು. ಕೇಳಿದವನು ಹೇಳುವುದಿಷ್ಟು: ಮೇಡನ್‌ನವರ ಹಾಡುಗಳು ಗಟ್ಟಿಯಾದವು, ಪ್ರೀಸ್ಟ್‌ನವರ ಅನೇಕ ಹಾಡುಗಳು ಪೊಳ್ಳು. ಇದೇ ತೀರ್ಪನ್ನು ಕಿವಿಯಿಂದ ಕೊಟ್ಟರೆ ವಿಮರ್ಶೆ, ಉಪಕರಣದ ಹೆಸರಿನಿಂದ ಕೊಟ್ಟರೆ ಮೂಢನಂಬಿಕೆ. ೧೯೯೬ರಲ್ಲಿ ಮೆಟಾಲಿಕಾದವರು ಕೂದಲನ್ನು ಕತ್ತರಿಸಿಕೊಂಡು ‘ಲೋಡ್’ ಎಂಬ ಆಲ್ಬಮ್ಮನ್ನು ಹೊರಡಿಸಿದಾಗ ಮಡಿವಂತರು ಕೂದಲಿಗಾಗಿ ಅತ್ತರು. ಕೇಳಿದವನ ದೂರು ಬೇರೆ: ಹಾಡುಗಳು ಹೆಚ್ಚಾಗಿ ತಟ್ಟೆಯು ತುಂಬಿ ತುಳುಕಿ, ಎಲ್ಲಕ್ಕಿಂತ ಚೆನ್ನಾದ ಕೊನೆಯ ಹಾಡಿನಿಂದಲೇ ಒಂದು ನಿಮಿಷವನ್ನು ಕತ್ತರಿಸಬೇಕಾಯಿತು. ಕತ್ತರಿಯು ಕೂದಲಿನ ಮೇಲೆ ಆಡಿದ್ದರಿಂದ ನಷ್ಟವಿಲ್ಲ; ನಡುವಣ ನಾಲ್ಕಾರು ಹಾಡುಗಳ ಮೇಲೆ ಆಡದಿದ್ದುದೇ ನಷ್ಟ.

ವೇಷದ ಮಡಿಯು ಮಡಿವಂತರ ಮುಖಕ್ಕೇ ತಿರುಗಿ ಬಡಿದ ಸಂದರ್ಭವೂ ಉಂಟು. ಚರ್ಮದ ಅಂಗಿ, ಮೊಳೆಗಳ ಪಟ್ಟಿ ಇವನ್ನು ಈ ಸಂಗೀತದ ಸಮವಸ್ತ್ರವನ್ನಾಗಿ ಮಾಡಿದವನು ಜೂಡಾಸ್ ಪ್ರೀಸ್ಟ್‌ನ ಗಾಯಕ ರಾಬ್ ಹಾಲ್ಫರ್ಡ್. ಗಂಡಸುತನದ ಪರಮಚಿಹ್ನೆಯೆಂದು ಲಕ್ಷಾಂತರ ತರುಣರು ಅದನ್ನು ಧರಿಸಿದರು. ೧೯೯೮ರಲ್ಲಿ ಆ ಗಾಯಕನು ತಾನು ಸಲಿಂಗಪ್ರೇಮಿಯೆಂದು ದೂರದರ್ಶನದಲ್ಲಿ ನಿಸ್ಸಂಕೋಚವಾಗಿ ತಿಳಿಸಿದನು. ಆಕಾಶವೇನೂ ಬೀಳಲಿಲ್ಲ. ಅವನ ಕಂಠವು ಹಿಂದಿನ ದಿನ ಎಲ್ಲಿಗೇರುತ್ತಿದ್ದಿತೋ ಮರುದಿನವೂ ಅಲ್ಲಿಗೇರಿತು. ೨೦೦೩ರಲ್ಲಿ ಅವನು ತಂಡಕ್ಕೆ ಹಿಂದಿರುಗಿದಾಗ ಜನರು ಹರ್ಷದಿಂದ ಬರಮಾಡಿಕೊಂಡರು. ಕಿವಿಯುಳ್ಳವರಿಗೆ ಅಂದು ಕಳೆದುಕೊಳ್ಳುವುದೇನೂ ಇರಲಿಲ್ಲ. ವೇಷವನ್ನು ನಂಬಿದ್ದವರೇ ದಿಕ್ಕುಗೆಟ್ಟರು.

ಮಡಿಯ ಹುಚ್ಚು ಎಲ್ಲಿಗೆ ಮುಟ್ಟುವುದೆಂಬುದಕ್ಕೆ ನಾರ್ವೆಯೇ ಸಾಕ್ಷಿ. ಅಲ್ಲಿ ೧೯೯೦ರ ದಶಕದ ಆರಂಭದಲ್ಲಿ ‘ನಿಜವಾದ’ ಬ್ಲ್ಯಾಕ್ ಮೆಟಲ್ಲಿನ ಹೆಸರಿನಲ್ಲಿ ಕೆಲವು ತರುಣರು ಮರದ ಪ್ರಾಚೀನ ಇಗರ್ಜಿಗಳಿಗೆ ಬೆಂಕಿಯಿಟ್ಟರು. ೧೯೯೩ರಲ್ಲಿ ಒಬ್ಬ ವಾದಕನು ಇನ್ನೊಬ್ಬನನ್ನು ಇರಿದು ಕೊಂದನು. ಹಾಡಿಗಿಂತ ಹಣೆಪಟ್ಟಿ ದೊಡ್ಡದಾದಾಗ, ಹಣೆಪಟ್ಟಿಯನ್ನುಳಿಸಿಕೊಳ್ಳಲು ಹಾಡು ಸಾಲದೆ ರಕ್ತ ಬೇಕಾಗುವುದು. ಇದನ್ನು ಕುರಿತ ೨೦೧೮ರ ‘ಲಾರ್ಡ್ಸ್ ಆಫ್ ಕೇಯಾಸ್’ ಚಿತ್ರದಲ್ಲಿ ಓಸ್ಲೋ ನಗರದ ತರುಣರು ಅಮೆರಿಕದವರಂತೆ ಇಂಗ್ಲಿಷನ್ನಾಡುವರು. ರಕ್ತವು ಧಾರಾಳ, ಸಂಗೀತವು ದರಿದ್ರ. ಈ ಕೃತ್ಯಗಳನ್ನು ಇಂದಿಗೂ ಶೌರ್ಯವೆಂದು ಪಿಸುಗುಟ್ಟುವವರು ಈ ಪಂಗಡದಲ್ಲಿಲ್ಲದಿಲ್ಲ. ಒರಟು ರಸಿಕನು ತನ್ನ ಒರಟುತನವನ್ನು ತೋರಿಸಬೇಕಾದದ್ದು ಇಲ್ಲಿ: ಬೆಂಕಿಯಿಂದ ಆಲ್ಬಮ್ ಒಂದು ಮಾತ್ರೆಯಷ್ಟೂ ಚೆನ್ನಾಗುವುದಿಲ್ಲ, ಕೊಲೆಯು ಶ್ರುತಿಶುದ್ಧಿಯಲ್ಲ ಎಂದು ಮುಖಕ್ಕೆ ಹೇಳಬೇಕು. ಅದೇ ವರ್ಷದ ಫಿನ್ಲೆಂಡಿನ ‘ಹೆವಿ ಟ್ರಿಪ್’ ಎಂಬ ಪುಟ್ಟ ಹಾಸ್ಯಚಿತ್ರದಲ್ಲಿ ನಾಲ್ವರು ಹಳ್ಳಿಯ ಹುಡುಗರು ಹಿಮಸಾರಂಗದ ಕಸಾಯಿಖಾನೆಯ ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಅಭ್ಯಾಸಮಾಡುತ್ತ, ತಮ್ಮ ಸಂಗೀತಕ್ಕೆ ಒಂದುಸಿರಿನಲ್ಲಿ ಹೇಳಲಾಗದಷ್ಟು ಉದ್ದದ ಶಾಖಾನಾಮವನ್ನಿಟ್ಟುಕೊಂಡಿರುವರು. ಹೆಸರಿನ ಹುಚ್ಚನ್ನು ನಗುವಿನಿಂದಲೇ ಬಿಡಿಸುವ ಆ ಚಿತ್ರವು, ರಕ್ತದ ಚಿತ್ರಕ್ಕಿಂತ ಈ ಸಂಗೀತದ ಜೀವವನ್ನು ಹೆಚ್ಚು ಬಲ್ಲದು.

ಕನ್ನಡ ನಾಡಿಗೆ ಇದು ದೂರದ ಮಾತಲ್ಲ. ೨೦೦೭ರ ಮಾರ್ಚ್ ೧೭ರಂದು ಐರನ್ ಮೇಡನ್, ೨೦೧೧ರ ಅಕ್ಟೋಬರ್ ೩೦ರಂದು ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದವು. ೧೯೯೮ರಲ್ಲಿ ಆ ನಗರದಲ್ಲಿಯೇ ಹುಟ್ಟಿದ ‘ಕ್ರಿಪ್ಟೋಸ್’ ತಂಡವು ೨೦೧೩ರಲ್ಲಿ ಜರ್ಮನಿಯ ವಾಕೆನ್ ಉತ್ಸವದವರೆಗೆ ಹೋಗಿ ಬಂದಿತು. ಆದರೆ ಸ್ಥಳದ ತಂಡಗಳ ಮಾತು ಬಂದೊಡನೆ ನಾಲಗೆಯು ಮೆತ್ತಗಾಗುವುದು. ಊರ ಹುಡುಗರು, ಕಷ್ಟಪಟ್ಟಿರುವರು, ಬೆನ್ನು ತಟ್ಟಬೇಕು ಎಂಬ ವಾದ ಏಳುವುದು. ಬೆನ್ನು ತಟ್ಟುವುದು ಬಂಧುಗಳ ಕೆಲಸ. ಬರ್ಮಿಂಗ್‌ಹ್ಯಾಮಿನವರಿಗೆ ಹಿಡಿದ ತಕ್ಕಡಿಯನ್ನೇ ಬೆಂಗಳೂರಿನವರಿಗೂ ಹಿಡಿಯುವುದೇ ಅವರಿಗೆ ಸಲ್ಲಿಸುವ ನಿಜವಾದ ಗೌರವ. ರಿಯಾಯಿತಿಯನ್ನು ಕೊಡುವುದು ಸಮಾನರಿಗಲ್ಲ.

ಈ ಮಾತು ಸಂಗೀತದಿಂದ ಸಾಹಿತ್ಯಕ್ಕೆ ತಾನಾಗಿಯೇ ಹರಿಯುವುದು. ಜಿಲ್ಲೆಗೊಂದರಂತೆ ಸಾಹಿತ್ಯಸಂಘಗಳಿವೆ, ವರ್ಷಕ್ಕೆ ಸಾವಿರಾರು ಪುಸ್ತಕಗಳು ಬರುತ್ತಿವೆ. ಒಬ್ಬರ ಪುಸ್ತಕಕ್ಕೆ ಇನ್ನೊಬ್ಬರ ಮುನ್ನುಡಿ, ಇನ್ನೊಬ್ಬರದಕ್ಕೆ ಇವರ ಬೆನ್ನುಡಿ. ಬಿಡುಗಡೆಯ ಸಭೆಯಲ್ಲಿ ಮೊದಲ ಕವನಸಂಕಲನವೇ ಯುಗಪ್ರವರ್ತಕ. ಪುಸ್ತಕವನ್ನು ಓದದೆಯೇ ಹೊಗಳುವ ವಿದ್ಯೆಯೂ, ಲೇಖಕನ ಪಂಗಡವನ್ನು ನೋಡಿ ಓದದೆಯೇ ತೆಗಳುವ ವಿದ್ಯೆಯೂ ಒಂದೇ ಮರದ ಎರಡು ಕೊಂಬೆಗಳು. ಹೊಗಳಿಕೆಯ ಹೊನ್ನಶೂಲಕ್ಕೇರಿದ ತರುಣ ಕವಿಯು ತನ್ನ ಎರಡನೆಯ ಪುಸ್ತಕದಲ್ಲಿ ಮೊದಲನೆಯದರ ತಪ್ಪುಗಳನ್ನೇ ಇನ್ನಷ್ಟು ಧೈರ್ಯದಿಂದ ಮಾಡುವನು. ಓದುಗನು ಎರಡು ಸಲ ಮೋಸಹೋಗಿ ಮೂರನೆಯ ಸಲ ಪುಸ್ತಕದಂಗಡಿಯ ದಾರಿಯನ್ನೇ ಬಿಡುವನು. ನಷ್ಟವಾಗುವುದು ಯಾರಿಗೆ? ಮುನ್ನುಡಿಕಾರನಿಗಂತೂ ಅಲ್ಲ.

ಆದುದರಿಂದ ಈ ಕಪ್ಪಂಗಿಯವನನ್ನು ಕಂಡು ಮೂಗು ಮುರಿಯುವ ಮೊದಲು ಅವನಿಂದ ನಾಲ್ಕು ಗುಣಗಳನ್ನು ಕಲಿಯುವುದೊಳ್ಳೆಯದು. ಅವನು ಸ್ವಂತ ಹಣ ಕೊಟ್ಟು ಕೊಳ್ಳುವನು. ಕೊಂಡದ್ದನ್ನು ಕೊನೆಯವರೆಗೆ ಕೇಳುವನು. ಕೇಳಿದ ಮೇಲೆ ಮನಸ್ಸಿಗೆ ತೋರಿದ್ದನ್ನು ನಗುನಗುತ್ತಲೇ ಹೇಳುವನು. ತಪ್ಪಿದರೆ ತಿದ್ದಿಕೊಳ್ಳುವನು. ಉಪಚಾರದವರು ನಾಲ್ಕು ಪುಟಗಳಲ್ಲಿ ಹೇಳದೆ ಬಿಟ್ಟದ್ದನ್ನು ಅವನು ಒಂದು ಡಬ್ಬದ ಉಪಮೆಯಲ್ಲಿ ಹೇಳಿ ಮುಗಿಸಿದನು. ಡಬ್ಬವನ್ನು ಡಬ್ಬವೆಂದು ಕರೆಯುವವನು ಊರಿನಲ್ಲಿ ಒಬ್ಬನಾದರೂ ಇರುವತನಕ, ಮೃದಂಗ ಮಾಡುವವನು ಎಚ್ಚರದಿಂದ ಕೆಲಸಮಾಡುವನು.